ಮೇಳ ಬಿಟ್ಟ ದನಿ

2008ರಲ್ಲಿ ಮುಂಬೈಯಿಂದ ಒಂದು ಸಿ.ಡಿ. ಹೊರಬಂತು. ಹೊರತಂದವರು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್–ಶೇಖರ್. ಅವರ ಕಂಪನಿಯ ಹೆಸರು ಕೌಂಟರ್ ಕಲ್ಚರ್ ರೆಕಾರ್ಡ್ಸ್. ಹಾಡಿದವರು ಮೈಸೂರಿನ ರಘು ದೀಕ್ಷಿತ್. ಆಗ ಅವರಿಗೆ ಮೂವತ್ತಮೂರು ವರ್ಷ. ಮೊದಲ ಆಲ್ಬಮ್ಮಿಗೆ ಅದು ತಡವೆಂದೇ ಹೇಳಬೇಕಾದ ವಯಸ್ಸು. ಹಿಂದಿಯ ಹಾಡುಗಳೇ ಹೆಚ್ಚಾಗಿದ್ದ, ಇಂಗ್ಲಿಷಿನದೂ ಒಂದಿದ್ದ ಆ ಸಂಗ್ರಹದಲ್ಲಿ ಎರಡು ಕನ್ನಡದ ಹಾಡುಗಳಿದ್ದವು. ಎರಡೂ ಅವರು ಬರೆದವಲ್ಲ. 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರ ತತ್ವಪದಗಳು ಅವು: ಮನೆಯ ಮಾಳಿಗೆ ಸೋರುವ ಪದ ಒಂದು, ಗುಡುಗುಡಿಯ ಪದ ಇನ್ನೊಂದು.

ಕಟ್ಟಿ ಬೆಳೆಸಿದ ತಂಡ ಚದುರಿಹೋದ ಮೇಲೆ ಒಬ್ಬ ಗಾಯಕ ಮೊದಲ ಬಾರಿಗೆ ತನ್ನ ಸ್ವಂತ ಹೆಸರಿನಲ್ಲಿ ಲೋಕದ ಮುಂದೆ ನಿಲ್ಲುತ್ತಾನೆ. ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ತನ್ನ ಕಾಲದ ಮಾತುಗಳನ್ನೇ ಹಾಡುತ್ತಾನೆ. ಕನ್ನಡಕ್ಕೆ ಬಂದಾಗ ಮಾತ್ರ ತನ್ನ ಮಾತನ್ನು ಬದಿಗಿಟ್ಟು ಹತ್ತೊಂಬತ್ತನೆಯ ಶತಮಾನದ ಅನುಭಾವಿಯೊಬ್ಬನ ಪದಗಳನ್ನು ಎತ್ತಿಕೊಳ್ಳುತ್ತಾನೆ. ಈ ಆಯ್ಕೆಯ ಹಿಂದಿನ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದು ಬಹುದಿನಗಳಿಂದ ಅನ್ನಿಸುತ್ತಿತ್ತು. ರಾಜ್ಯದ ಹೊರಗೆ ಬದುಕುವ ನಮ್ಮಂಥವರಿಗೆ ಆ ಎರಡು ಹಾಡುಗಳು ಬೇರೆಯೇ ದಾರಿಯಿಂದ ಬಂದು ತಲುಪಿದವು ಎಂಬುದೂ ಅದಕ್ಕೊಂದು ಕಾರಣ.

ತಂಡದಿಂದ ಹೊರಬಿದ್ದ ಗಾಯಕನ ಮೊದಲ ಆಲ್ಬಂ ಎಂಬುದು ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಆಗಿದೆ. ಅದರಲ್ಲಿಯೂ ‘ಸೋಲ್’ ಎಂದು ಹೆಸರಾದ ಅಮೆರಿಕದ ಕರಿಯರ ಸಂಗೀತದಲ್ಲಿ ಈ ಕತೆ ಮತ್ತೆ ಮತ್ತೆ ನಡೆದಿದೆ. ಸೋಲ್ ಎಂದರೆ ಆತ್ಮ; ಕನ್ನಡದ ಕಿವಿಗೆ ಅದು ‘ಸೋಲು’ ಎಂದೂ ಕೇಳಿಸುತ್ತದೆ, ಹಾಗೆ ಕೇಳಿಸಿದರೆ ಅರ್ಥ ಕೆಡುವುದೇನೂ ಇಲ್ಲ. ಚರ್ಚಿನ ಭಜನೆಯ ಗುಂಪುಗಳಲ್ಲಿ ಪಳಗಿದ ದನಿಗಳು ಪ್ರೇಮ, ಬಡತನ, ಅವಮಾನಗಳ ಲೌಕಿಕ ಹಾಡಿಗೆ ಇಳಿದಾಗ ಹುಟ್ಟಿದ ಪ್ರಕಾರವದು. ಸ್ಯಾಮ್ ಕುಕ್ ಎಂಬಾತ ‘ಸೋಲ್ ಸ್ಟರರ್ಸ್’ ಎಂಬ ಪ್ರಸಿದ್ಧ ಭಕ್ತಿಗೀತೆಯ ತಂಡದ ಮುಖ್ಯ ಗಾಯಕನಾಗಿದ್ದ. 1956ರಲ್ಲಿ ಮೊದಲ ಸಲ ಒಬ್ಬನೇ ಒಂದು ಪ್ರೇಮಗೀತೆ ಹಾಡಿದಾಗ ಅದನ್ನು ‘ಡೇಲ್ ಕುಕ್’ ಎಂಬ ಸುಳ್ಳು ಹೆಸರಿನಲ್ಲಿ ಹೊರತಂದರು. ದೇವರ ಹಾಡು ಕೇಳುತ್ತಿದ್ದವರು ಸಿಟ್ಟಾದಾರೆಂಬ ಅಂಜಿಕೆ. ಕೇಳುಗರು ಮೋಸ ಹೋಗಲಿಲ್ಲ, ದನಿ ಕೇಳಿದೊಡನೆ ಗುರುತು ಹಿಡಿದರು. ಮರುವರ್ಷ ಆತ ತಂಡ ಬಿಟ್ಟು ತನ್ನ ಹೆಸರಿನಲ್ಲೇ ಹಾಡಿ ದೇಶವನ್ನೇ ಗೆದ್ದ.

ಹೆಸರಿನ ಈ ತಕರಾರು ಸಣ್ಣದೆಂದು ತಿಳಿಯಬಾರದು. 1958ರಲ್ಲಿ ಶಿಕಾಗೋದ ‘ಇಂಪ್ರೆಶನ್ಸ್’ ಎಂಬ ಐದು ಜನ ಹುಡುಗರ ತಂಡದ ಮೊದಲ ಹಾಡು ಗೆದ್ದಿತು. ರೆಕಾರ್ಡಿನ ಮೇಲೆ ಕಂಪನಿಯವರು ಅಚ್ಚು ಹಾಕಿಸಿದ್ದು ‘ಜೆರಿ ಬಟ್ಲರ್ ಮತ್ತು ಇಂಪ್ರೆಶನ್ಸ್’ ಎಂದು. ಉಳಿದ ನಾಲ್ವರಿಗೆ ಅದು ಮುಳ್ಳಾಯಿತು. ಅದೇ ವರ್ಷ ಬಟ್ಲರ್ ಹೊರನಡೆದ. ತಂಡವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಹದಿಹರೆಯದ ಕರ್ಟಿಸ್ ಮೇಫೀಲ್ಡ್. ಅಜ್ಜಿಯ ಚರ್ಚಿನಲ್ಲಿ ಹಾಡುತ್ತ ಬೆಳೆದವನು, ನವಿರು ದನಿಯವನು. ಅರವತ್ತರ ದಶಕದ ನಾಗರಿಕ ಹಕ್ಕುಗಳ ಚಳವಳಿಯುದ್ದಕ್ಕೂ ಆ ತಂಡದ ಹಾಡುಗಳು ಮೆರವಣಿಗೆಗಳ ಜೊತೆಗಿದ್ದವು. ಹನ್ನೆರಡು ವರ್ಷಗಳ ಬಳಿಕ, 1970ರಲ್ಲಿ, ಕರ್ಟಿಸ್ ಕೂಡ ತಂಡ ಬಿಟ್ಟ. ಅವನ ಮೊದಲ ಸ್ವತಂತ್ರ ಆಲ್ಬಮ್ಮಿನ ಹೆಸರು ‘ಕರ್ಟಿಸ್’. ಮನೆತನದ ಹೆಸರೂ ಇಲ್ಲ, ಬರಿಯ ಕರೆಯುವ ಹೆಸರು. ಆದರೆ ಜಗಳವಿಲ್ಲದೆ ಹೋದವನು. ತನ್ನದೇ ಕಂಪನಿಯಿಂದ ಹಳೆಯ ಗೆಳೆಯರ ತಂಡದ ರೆಕಾರ್ಡುಗಳನ್ನು ಹೊರತರುತ್ತಲೇ ಇದ್ದ. ಹೊರಬಂದ ಮೇಲೆ ಅವನ ಮಾತು ಖಾರವಾಯಿತು, ಹಾಡುಗಳು ಉದ್ದವಾದವು. ನಾಲ್ಕು ಜನರ ಒಪ್ಪಿಗೆ ಪಡೆದು ಆಡಬೇಕಾದ ಮಾತಿಗೂ ಒಬ್ಬನೇ ಆಡಬಹುದಾದ ಮಾತಿಗೂ ಇರುವ ಅಂತರ ಆ ಆಲ್ಬಮ್ಮಿನಲ್ಲಿ ಕೇಳಿಸುತ್ತದೆ.

ನಮ್ಮಲ್ಲಿಯೂ ಮೇಳ ಬಿಡುವುದು ಹೊಸತಲ್ಲ. ಕರಾವಳಿಯ ಯಕ್ಷಗಾನದಲ್ಲಿ ತಿರುಗಾಟ ಮುಗಿಯುವ ಹೊತ್ತಿಗೆ ಯಾವ ಭಾಗವತರು ಯಾವ ಮೇಳ ಬಿಟ್ಟರು, ಯಾವುದಕ್ಕೆ ಸೇರಿದರು ಎಂಬುದೇ ಊರಿನ ಸುದ್ದಿ. ಸಾಲಿಗ್ರಾಮ ಮೇಳದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಮೇಲೂ ಅವರ ಕ್ಯಾಸೆಟ್ಟುಗಳನ್ನು ಹುಡುಕಿ ಕೊಳ್ಳುತ್ತಿದ್ದ ಜನರನ್ನು ಕಂಡವರಿಗೆ, ದನಿಯೊಂದು ಮೇಳಕ್ಕಿಂತ ದೊಡ್ಡದಾಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಮೇಳ ನಡೆಯುವುದು ಊರಿನ ಅಥವಾ ದೇವರ ಹೆಸರಿನಲ್ಲಿ, ಕಟೀಲು, ಧರ್ಮಸ್ಥಳ, ಮಂದಾರ್ತಿ ಎಂದು. ಭಾಗವತ ಎಷ್ಟೇ ದೊಡ್ಡವನಾಗಲಿ, ಚೌಕಿಯಲ್ಲಿ ಗಣಪತಿಗೆ ಕೈಮುಗಿದೇ ರಂಗಕ್ಕೆ ಬರಬೇಕು. ಹೆಸರು ಯಾರದ್ದೆಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಮೊದಲೇ ಇತ್ತು.

ರಘು ದೀಕ್ಷಿತರ ತಂಡದ ಹೆಸರು ‘ಅಂತರಾಗ್ನಿ’. ದೆಹಲಿಯ ಕಡೆ ಈ ಹೆಸರು ಹೇಳಿದರೆ ಕಾನ್ಪುರದ ಐಐಟಿಯ ವಾರ್ಷಿಕ ಉತ್ಸವದ ಮಾತೆಂದು ತಿಳಿಯುತ್ತಾರೆ, ಇದು ಬೇರೆ. ನಾಸಿಕದಲ್ಲಿ 1974ರಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು, ಭರತನಾಟ್ಯ ಕಲಿತು ವಿದ್ವತ್ ಪರೀಕ್ಷೆ ಮುಗಿಸಿದವರು. ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕದೊಡನೆ ಎಂ.ಎಸ್ಸಿ. ಪಡೆದವರು. ನಾಟ್ಯ ಹೆಣ್ಣುಮಕ್ಕಳ ವಿದ್ಯೆ ಎಂದು ಗಿಟಾರು ಹಿಡಿದ ಸಹಪಾಠಿಯೊಬ್ಬ ಕೆಣಕಿದ್ದಕ್ಕೆ ಪಣ ತೊಟ್ಟು ಗಿಟಾರು ಕಲಿತದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕೆಲಕಾಲ ಬೆಲ್ಜಿಯಂನಲ್ಲಿ ವಿಜ್ಞಾನಿಯಾಗಿ ದುಡಿದು, ಅಲ್ಲಿಂದ ಸಂಗೀತಕ್ಕಾಗಿ ಮರಳಿದರು. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇಂಥ ನಿರ್ಧಾರ ಏನೆಲ್ಲ ಮಾತುಗಳನ್ನು ಎಬ್ಬಿಸುತ್ತದೆಂದು ಊಹಿಸುವುದು ಕಷ್ಟವಲ್ಲ. ಸರ್ಕಾರಿ ನೌಕರನಾದ ನಾನು ಆ ಮಾತುಗಳನ್ನು ಆಡುವವರ ಸಾಲಿಗೇ ಸೇರಿದವನು.

ಪಿಟೀಲಿನ ಎಚ್.ಎನ್. ಭಾಸ್ಕರ್ ಮೊದಲಾದವರಿದ್ದ ಅಂತರಾಗ್ನಿಯಲ್ಲಿ ಗಿಟಾರಿನ ಜೊತೆಗೆ ಕರ್ನಾಟಕ ಸಂಗೀತದ ಪಿಟೀಲು ಸಮನಾಗಿ ನುಡಿಯುತ್ತಿತ್ತು. ಮೈಸೂರು, ಬೆಂಗಳೂರುಗಳ ಕಾಲೇಜು ಉತ್ಸವಗಳಲ್ಲಿ, ಸಣ್ಣಪುಟ್ಟ ವೇದಿಕೆಗಳಲ್ಲಿ ತಂಡಕ್ಕೆ ಒಳ್ಳೆಯ ಹೆಸರು ಬಂತು. ಆದರೆ ಹೆಸರು ಬಂದರೂ ರೆಕಾರ್ಡು ಕಂಪನಿಯ ಬಾಗಿಲು ತೆರೆಯಲಿಲ್ಲ. ಮೂರು ಭಾಷೆಗಳಲ್ಲಿ ಹಾಡುವ, ಶಾಸ್ತ್ರೀಯವೂ ಅಲ್ಲದ, ಸಿನಿಮಾವೂ ಅಲ್ಲದ, ಪೂರ್ತಿ ರಾಕ್ ಕೂಡ ಅಲ್ಲದ ಸಂಗೀತವನ್ನು ಯಾವ ಕಪಾಟಿನಲ್ಲಿಡಬೇಕೆಂದು ಅಂಗಡಿಯವರಿಗೆ ತಿಳಿಯದು. ವರ್ಷಗಟ್ಟಲೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದೂ ಇಲ್ಲ. 2005ರ ಹೊತ್ತಿಗೆ ತಂಡ ಚದುರಿತು. ಕರ್ಟಿಸ್ ತಂಡವನ್ನು ಬಿಟ್ಟವನು. ರಘು ಅವರನ್ನು ತಂಡವೇ ಬಿಟ್ಟಿತು ಎನ್ನಬಹುದು. ಹಾಗಾಗಿ ಇಲ್ಲಿ ‘ಸ್ವತಂತ್ರ’ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಇದು ಬಿಡುಗಡೆಯ ಕತೆಗಿಂತ ಹೆಚ್ಚಾಗಿ ಉಳಿದವನ ಕತೆ.

ಉಳಿದವರು ಕಟ್ಟಿದ್ದೂ ಇನ್ನೊಂದು ತಂಡವನ್ನೇ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂದು ಅದಕ್ಕೆ ಹೆಸರು. ಯಾವ ಕಲಾವಿದ ಬೇಕಾದರೂ ಬಂದು ನುಡಿಸಿ ಹೋಗಬಹುದಾದ ತೆರೆದ ಮನೆಯಂತೆ ಅದನ್ನು ಕಲ್ಪಿಸಿಕೊಂಡಿದ್ದರು. ಮುಂದೆ ಬಾಸ್ ಗಿಟಾರಿನ ಗೌರವ್ ವಾಜ್‌ರಂಥವರು ಅದರಲ್ಲಿ ಬಹುಕಾಲ ನಿಂತರು. ‘ಪ್ರಾಜೆಕ್ಟ್’ ಎಂಬ ಪದ ನಮ್ಮ ಕಚೇರಿಗಳಲ್ಲಿ ಎಂದೂ ಮುಗಿಯದ ಕೆಲಸಕ್ಕೆ ಇಟ್ಟ ಹೆಸರು. ಸಂಗೀತಕ್ಕೆ ಅದು ಹೊಂದುವುದೆಂದು ನನಗೆ ಅನ್ನಿಸಿರಲಿಲ್ಲ. ಆದರೆ ಯೋಚಿಸಿದರೆ ಜಾಣತನದ ಹೆಸರೇ. ಒಬ್ಬನ ಹೆಸರು ಮುಂದಿದೆ, ಹಿಂದಿರುವವರಿಗೆ ಬರಲೂ ಹೋಗಲೂ ಅವಕಾಶವಿದೆ. 1958ರ ಶಿಕಾಗೋದಲ್ಲಿ ರೆಕಾರ್ಡಿನ ಮೇಲೆ ಅಚ್ಚಾಗಿ ಜಗಳ ತಂದ ವಿಷಯವನ್ನು ಇಲ್ಲಿ ಮೊದಲ ದಿನವೇ ಬರೆದಿಟ್ಟುಕೊಂಡಂತಾಯಿತು. ಕೊನೆಗೆ ಬಾಗಿಲು ತೆರೆದವರೂ ಇಂಥದೇ ಹಿನ್ನೆಲೆಯವರು. ವಿಶಾಲ್ ದದ್ಲಾನಿ ಮುಂಬೈಯ ‘ಪೆಂಟಾಗ್ರಾಮ್’ ಎಂಬ ರಾಕ್ ತಂಡದ ಗಾಯಕ. ತಂಡದ ಕಷ್ಟಸುಖ ಬಲ್ಲವರು.

ಇನ್ನು ಆ ಎರಡು ಪದಗಳ ಮಾತು. ಷರೀಫರು 1819ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿದರು. ಕಳಸದ ಗೋವಿಂದ ಭಟ್ಟರು ಅವರ ಗುರುಗಳು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಎಂಬುದನ್ನೇ ನಾವು ಹೆಚ್ಚು ಹೇಳಿಕೊಳ್ಳುತ್ತೇವೆ. ಭಾವೈಕ್ಯದ ಭಾಷಣಗಳಲ್ಲಿ ಅದು ಒದಗುತ್ತದೆ ಕೂಡ. ಆದರೆ ಆ ಪದಗಳ ಸತ್ವ ಇರುವುದು ಕಣ್ಣೆದುರಿನ ಬಡ ವಸ್ತುವೊಂದನ್ನು ಹಿಡಿದು ಒಳಗಿನ ಮಾತಾಡುವ ಕುಶಲತೆಯಲ್ಲಿ. ಉತ್ತರ ಕರ್ನಾಟಕದಲ್ಲಿ ಮಾಳಿಗೆ ಎಂದರೆ ಮಣ್ಣು ಹಾಕಿ ಗಟ್ಟಿಮಾಡಿದ ಚಪ್ಪಟೆ ಸೂರು. ಮಳೆಗಾಲಕ್ಕೆ ಮುನ್ನ ಅದನ್ನು ನೋಡಿಕೊಳ್ಳದಿದ್ದರೆ ಮನೆಯೊಳಗೇ ಹೊಳೆ. ನೋಡಿಕೊಳ್ಳಬೇಕಾದವನ ಅಜ್ಞಾನವೇ ಆ ಸೋರಿಕೆಗೆ ಮೂಲ ಎಂಬ ಕಡೆಗೆ ಪದ ನಡೆಯುತ್ತದೆ. ಗುಡುಗುಡಿಯ ಪದವೂ ಹಾಗೆಯೇ. ಹೊಗೆ ಸೇದುವ ಚಟದ ಸಾಧನವನ್ನೇ ಸಾಧನೆಯ ರೂಪಕವಾಗಿಸುವ ತುಂಟತನ ಅದರದು. ಪ್ರತಿ ಪದದ ಕೊನೆಯಲ್ಲಿ ಅಂಕಿತ ಬರುತ್ತದೆ. ಅದು ಷರೀಫರ ಹೆಸರಲ್ಲ, ಊರ ದೇವರ ಹೆಸರು: ಶಿಶುನಾಳಾಧೀಶ. ಬಸವಣ್ಣನವರಿಂದ ಪುರಂದರದಾಸರವರೆಗೆ ಕನ್ನಡದ ಹಾಡುಗಾರರು ಸಹಿ ಮಾಡುವ ಜಾಗದಲ್ಲಿ ಮಾಡಿದ್ದು ಇದನ್ನೇ. ತನ್ನ ಹೆಸರು ಬರಬೇಕಾದ ಕಡೆ ಇನ್ನೊಂದನ್ನು ಇಟ್ಟರು.

ಎಂ.ಎ. ತರಗತಿಯಲ್ಲಿ ಎಲಿಯಟ್ ಕವಿ 1919ರಲ್ಲಿ ಬರೆದ ಪ್ರಬಂಧವೊಂದನ್ನು ಓದಿದ್ದೆವು. ಕಾವ್ಯದಲ್ಲಿ ಕವಿಯ ವ್ಯಕ್ತಿತ್ವ ಕರಗಬೇಕು, ಪರಂಪರೆ ಮಾತಾಡಬೇಕು ಎಂಬುದು ಅದರ ವಾದ. ದೊಡ್ಡ ಕ್ರಾಂತಿಯೆಂಬಂತೆ ಅದನ್ನು ಟಿಪ್ಪಣಿ ಮಾಡಿಕೊಂಡಿದ್ದು ನೆನಪಿದೆ. ಅಂಕಿತದ ನೆಲದಿಂದ ಬಂದವರಿಗೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇರಲಿಲ್ಲ. ರಘು ಅವರ ಆಲ್ಬಮ್ಮಿನಲ್ಲಿ ಈ ಎರಡು ಸಂಪ್ರದಾಯಗಳು ಒಂದೇ ತಟ್ಟೆಯ ಮೇಲೆ ಕೂತಿವೆ. ಹೊರಗಿನ ಹೊದಿಕೆಯ ಮೇಲೆ ಹಾಡುಗಾರನ ಹೆಸರು ದೊಡ್ಡದಾಗಿ ನಿಂತಿದೆ. ಒಳಗೆ ಬರೆದವನೇ ತನ್ನ ಹೆಸರನ್ನು ಬಿಟ್ಟುಕೊಟ್ಟ ಪದಗಳಿವೆ.

ರಘು ಅವರಿಗಿಂತ ಮೊದಲೇ ಷರೀಫರ ಪದಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಆರಿಸಿಕೊಟ್ಟರು, ಅಶ್ವತ್ಥರು ರಾಗ ಹಾಕಿದರು, ಅವರೂ ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು. ಕ್ಯಾಸೆಟ್ಟಿನ ಕಾಲದ ಆ ಯಶಸ್ಸಿನ ಬೆನ್ನಲ್ಲೇ 1990ರಲ್ಲಿ ನಾಗಾಭರಣರ ಚಿತ್ರವೂ ಬಂತು. 2005ರಲ್ಲಿ, ಅಂದರೆ ಅಂತರಾಗ್ನಿ ಚದುರಿದ ವರ್ಷದಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಅವರ ಕಾರ್ಯಕ್ರಮಕ್ಕೆ ಜನಸಾಗರ ಸೇರಿತ್ತು. ಕನ್ನಡದಲ್ಲಿ ಸಿನಿಮಾದಾಚೆಯ ಸಂಗೀತಕ್ಕೆ ಕೇಳುಗರಿರಲಿಲ್ಲವೆಂದು ಹೇಳುವವರು ಈ ಸಂಜೆಯನ್ನು ಮರೆಯಬಾರದು. ಕೇಳುಗರಿದ್ದರು. ಆದರೆ ಅವರು ‘ಭಾವಗೀತೆ’ ಎಂಬ ಒಂದು ಮನೆಗೆ ಒಗ್ಗಿಹೋಗಿದ್ದರು: ಹಾರ್ಮೋನಿಯಂ, ತಬಲ, ಕೊಳಲು, ಕೀಬೋರ್ಡು, ಮೈಕಿನ ಮುಂದೆ ನೇರವಾಗಿ ನಿಂತ ಗಾಯಕ. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ತೂಗುಹಾಕಿಕೊಂಡು ಕುಣಿಯುವವನಿಗೆ ಆ ಮನೆಯಲ್ಲಿ ಜಾಗವಿರಲಿಲ್ಲ. ಮುಂಬೈಗೆ ಹೋಗಿ ಹಿಂದಿಯ ಜೊತೆ ಸೇರಿಸಿ ಕನ್ನಡವನ್ನು ಹಾಡಬೇಕಾಗಿ ಬಂದದ್ದು ಅದರಿಂದಲೂ ಇರಬೇಕು.

ಇದೇ ಕಾಲದಲ್ಲಿ ದೆಹಲಿಯಲ್ಲಿ ನಡೆಯುತ್ತಿದ್ದುದನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 2004ರಲ್ಲಿ ದೆಹಲಿಯ ರಬ್ಬಿ ಶೇರ್‌ಗಿಲ್, ‘ಕಾಫಿರ್’ ಎಂಬ ತನ್ನ ತಂಡದ ದಿನಗಳನ್ನು ದಾಟಿ ಒಬ್ಬನೇ ಮೊದಲ ಆಲ್ಬಂ ತಂದಾಗ, ಅವನನ್ನು ಗೆಲ್ಲಿಸಿದ್ದು ಹದಿನೆಂಟನೆಯ ಶತಮಾನದ ಪಂಜಾಬಿ ಸೂಫಿ ಬುಲ್ಲೇ ಶಾಹನ ಪದ. ಅದಕ್ಕೂ ಒಂದು ವರ್ಷ ಮೊದಲು ದೆಹಲಿಯದೇ ‘ಇಂಡಿಯನ್ ಓಶನ್’ ತಂಡ ಕಬೀರನನ್ನು ಹಾಡಿ ಆಲ್ಬಮ್ಮಿಗೆ ಆ ಪದದ ಹೆಸರನ್ನೇ ಇಟ್ಟಿತ್ತು. 2003ರಲ್ಲಿ ಕಬೀರ, 2004ರಲ್ಲಿ ಬುಲ್ಲೇ ಶಾಹ, 2008ರಲ್ಲಿ ಷರೀಫ. ಗಿಟಾರು ಹಿಡಿದ ಒಂದು ಇಡೀ ಪೀಳಿಗೆ ಸಂತರ ಕಡೆಗೆ ಹೊರಳಿದ್ದೇಕೆ? ‘ಸೂಫಿ’ ಎಂಬ ಚೀಟಿ ಅಂಟಿಸಿದರೆ ಸಿ.ಡಿ. ಮಾರುವುದು ಸುಲಭವಾಗಿತ್ತು ಎಂಬುದು ಒಂದು ಉತ್ತರ. ಕನಾಟ್ ಪ್ಲೇಸಿನ ಅಂಗಡಿಗಳಲ್ಲಿ ಆ ಕಪಾಟನ್ನು ನೋಡಿದವರಿಗೆ ಅದರಲ್ಲಿ ಅನುಮಾನವಿರದು. ಆದರೆ ಅಷ್ಟೇ ಎಂದು ನಾನು ಒಪ್ಪಲಾರೆ. ಇಂಗ್ಲಿಷಿನಲ್ಲಿ ಕಲಿತ ಈ ಹುಡುಗರಿಗೆ ರಾಕ್ ಸಂಗೀತ ಬೇಡುವ ಬಿಚ್ಚುಮಾತು, ಸಿಟ್ಟು, ಮೈಮರೆವು ತಮ್ಮ ಭಾಷೆಯ ಆಧುನಿಕ ಗೀತೆಗಳಲ್ಲಿ ದೊರೆಯಲಿಲ್ಲ, ಪದಕಾರರಲ್ಲಿ ದೊರೆಯಿತು. ಅಮೆರಿಕದಲ್ಲಿ ಚರ್ಚಿನಿಂದ ಲೌಕಿಕಕ್ಕೆ ನಡೆದ ದಾರಿಯಲ್ಲಿ ಇವರು ತಿರುಗಿ ನಡೆದರು.

ಇಂಡಿಯನ್ ಓಶನ್ ತಂಡದ ಪ್ರಸ್ತಾಪ ಬಂದಾಗ ದೆಹಲಿ ಕನ್ನಡಿಗರಾದ ನಾವು ಒಂದು ಸಂಗತಿಯನ್ನು ನೆನೆಯಲೇಬೇಕು. ಅದರ ಬಾಸ್ ಗಿಟಾರಿನ ರಾಹುಲ್ ರಾಮ್ ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಎಚ್.ವೈ. ಮೋಹನರಾಮ್ ಅವರ ಮಗ. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದ ಎಚ್.ವೈ. ಶಾರದಾಪ್ರಸಾದರ ತಮ್ಮನ ಮಗ. ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ ಅವರ ಮೊಮ್ಮಗ. ಅಜ್ಜ ಕೃತಿಗಳನ್ನು ರಚಿಸಿದರು, ಮೊಮ್ಮಗ ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿ ಕಣಿವೆಯ ಹಾಡನ್ನು ರಾಕ್ ವೇದಿಕೆಗೆ ತಂದ. ಆ ತಂಡ 1990ರಿಂದ ದಶಕಗಳ ಕಾಲ ಒಟ್ಟಿಗಿತ್ತು. ಕರೋಲ್‌ಬಾಗಿನ ಖಜೂರ್ ರೋಡಿನ ಒಂದು ಹಳೆಯ ಮನೆಯಲ್ಲಿ ಅವರ ಅಭ್ಯಾಸ. ಮುಂದೆ ಆ ಮನೆಯ ವಿಳಾಸವೇ ಅವರ ಒಂದು ಆಲ್ಬಮ್ಮಿನ ಹೆಸರಾಯಿತು. ಗಾಯಕ ಹಾಗೂ ತಬಲಾವಾದಕ ಅಶೀಂ ಚಕ್ರವರ್ತಿ 2009ರ ಡಿಸೆಂಬರ್ 25ರಂದು ತೀರಿಕೊಂಡರು. ನಾಲ್ಕೇ ದಿನಗಳ ನಂತರ, ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಬೆಂಗಳೂರಿನಲ್ಲಿ ಅಶ್ವತ್ಥರು ಹೋದರು. ಕಬೀರನನ್ನು ಹಾಡಿದ ದನಿ ಇಲ್ಲಿ, ಷರೀಫರನ್ನು ಹಾಡಿದ ದನಿ ಅಲ್ಲಿ, ಒಂದೇ ವಾರದಲ್ಲಿ ನಿಂತವು. ಇಲ್ಲಿನ ಪತ್ರಿಕೆಗಳಲ್ಲಿ ಮೊದಲನೆಯ ಸುದ್ದಿ ಮಾತ್ರ ಕಾಣಿಸಿತು.

ಈ ನಡುವೆ ರಘು ಅವರ ಹಾಡುಗಳು ದೆಹಲಿಗೆ ಬಂದಿದ್ದವು. ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬ, ಲಖನೌ ಕಡೆಯವನು, ಒಂದು ದಿನ ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ಗುಡುಗುಡಿಯ ಪದ ಹಾಕಿ, “ಸಾರ್, ಇದು ನಿಮ್ಮ ಭಾಷೆ ತಾನೆ? ಗುದ್‌ಗುದಿ ಅಂತಾನಲ್ಲ, ಕಚಗುಳಿ ಇಡೋ ಹಾಡಾ?” ಎಂದು ಕೇಳಿದ. ಹಿಂದಿಯಲ್ಲಿ ಆ ಪದಕ್ಕೆ ಕಚಗುಳಿ ಎಂದೇ ಅರ್ಥ. ನಾನು ಬಾಯಿ ತೆರೆಯುವ ಮೊದಲೇ ರೋಹತಕ್ ಜಿಲ್ಲೆಯ ಹಿರಿಯರೊಬ್ಬರು, “ಅದು ಗುಡ್‌ಗುಡಿ ಕಣಯ್ಯಾ, ಹುಕ್ಕಾ! ನಮ್ಮ ಕಡೆಯೂ ಹಾಗೇ ಅಂತೀವಿ” ಎಂದರು. ಆಮೇಲೆ ಮಾತು ಎಲ್ಲಿಗೋ ಹೋಯಿತು. ಹರಿಯಾಣದ ಹಳ್ಳಿಗಳಲ್ಲಿ ಒಬ್ಬನನ್ನು ಜಾತಿಯಿಂದ ಹೊರಗಿಟ್ಟರೆ ‘ಹುಕ್ಕಾ–ಪಾನಿ ಬಂದ್’ ಎನ್ನುತ್ತಾರೆ. ಚೌಪಾಲಿನಲ್ಲಿ ಒಂದೇ ಹುಕ್ಕದ ಕೊಳವೆ ಕೈಯಿಂದ ಕೈಗೆ ದಾಟುವುದೇ ನೀನು ನಮ್ಮವನು ಎಂಬುದರ ಗುರುತು. ಷರೀಫರ ಪದದಲ್ಲಿ ಗುಡುಗುಡಿ ಒಬ್ಬನ ಒಳಗಿನ ಸಾಧನೆಗೆ ರೂಪಕವೆಂದು ನಾನು ವಿವರಿಸಿದಾಗ ಆ ಹಿರಿಯರು ತಲೆದೂಗಿದರು. “ಯಾರು ಇವರು?” ಎಂದರು. ನಾನು, “ನಮ್ಮ ಕರ್ನಾಟಕದ ಕಬೀರ” ಎಂದುಬಿಟ್ಟೆ.

ಈ ಉತ್ತರ ಎಲ್ಲ ಹೊರನಾಡ ಕನ್ನಡಿಗರ ನಾಲಗೆಯ ತುದಿಯಲ್ಲಿರುತ್ತದೆ. ಕೇಳಿದವರಿಗೆ ಅನುಕೂಲ, ಹೇಳಿದವರಿಗೂ ಸಲೀಸು. ಆದರೆ ಬನಾರಸಿನವರು ಯಾರಾದರೂ ಕಬೀರನನ್ನು ‘ನಮ್ಮ ಕಡೆಯ ಷರೀಫ’ ಎಂದು ಪರಿಚಯಿಸಿದ್ದುಂಟೇ? ನಾಲ್ಕು ಶತಮಾನಗಳ ಹಿರಿತನವಿದೆ, ಒಪ್ಪೋಣ. ಆದರೂ ನಮ್ಮ ಕವಿಯನ್ನು ಇನ್ನೊಬ್ಬರ ಹೆಸರು ಹಿಡಿದೇ ಕರೆಯಬೇಕಾದಷ್ಟು ಕಾಲ, ಅವನ ಪದ ಆ ಕಡೆಗೆ ಪೂರ್ತಿ ತಲುಪಿಲ್ಲವೆಂದೇ ಲೆಕ್ಕ. ರಘು ಅವರ ಹಾಡು ಮಾಡಿದ ಕೆಲಸ ಇದಕ್ಕೆ ತಿರುಗುಮುರುಗಾದದ್ದು. ಅದು ಪರಿಚಯ ಮಾಡಿಕೊಡುವ ಗೋಜಿಗೇ ಹೋಗಲಿಲ್ಲ. ಅರ್ಥ ತಿಳಿಯದವರೂ ಎದ್ದು ಕುಣಿಯುವಂತೆ ಹಾಡಿತು. ಅರ್ಥ ಬೇಕಾದವರು ಪಕ್ಕದ ಮೇಜಿನ ಕನ್ನಡಿಗನನ್ನು ಕೇಳಿಕೊಂಡರು.

ಇದರಲ್ಲಿ ಕಳೆದದ್ದೂ ಇದೆ. ಸೋರುವ ಮಾಳಿಗೆಯ ಕೆಳಗ ನಿಂತವನ ಅಸಹಾಯಕತೆ ಸಾವಿರಾರು ಜನ ಚಪ್ಪಾಳೆ ತಟ್ಟುವ ಮೈದಾನದಲ್ಲಿ ಹಾಗೆಯೇ ಉಳಿಯುವುದು ಕಷ್ಟ. ಅಶ್ವತ್ಥರ ರಾಗದಲ್ಲಿ ಅದು ಉಳಿದಿದೆ ಎಂದು ನನ್ನ ತೀರ್ಮಾನ. ಗುಡುಗುಡಿಯ ಪದದ ಮಾತು ಬೇರೆ. ಅದರ ತುಂಟತನ, ಏರುತ್ತ ಹೋಗುವ ಅಮಲು ರಘು ಅವರಲ್ಲಿ ಹೆಚ್ಚು ಬಿಚ್ಚಿಕೊಂಡಿದೆ. ಕೆಲವು ವರ್ಷಗಳ ಹಿಂದೆ ದ್ವಾರಕಾದ ಸ್ನೇಹಿತರ ಮನೆಯ ಗಣೇಶನ ಹಬ್ಬದಲ್ಲಿ ಇದೇ ಜಗಳ ಎದ್ದಿತ್ತು. ಅಜ್ಜ ಮಾಳಿಗೆಯ ಪದವನ್ನು ಅಶ್ವತ್ಥರ ಧಾಟಿಯಲ್ಲಿ ಎತ್ತಿಕೊಂಡರು. ಇಲ್ಲೇ ಹುಟ್ಟಿ ಬೆಳೆದ, ಕನ್ನಡ ಮಾತಾಡಬಲ್ಲಳಾದರೂ ಓದಲು ಬಾರದ ಮೊಮ್ಮಗಳು ಎರಡನೆಯ ಸಾಲಿನಿಂದ ರಘು ಅವರ ಧಾಟಿಗೆ ಎಳೆದಳು. “ಏ ಪುಟ್ಟಿ, ಅದೇನೇ ಅಬ್ಬರ? ಷರೀಫರ ಪದಾನ ಹೀಗಾ ಹಾಡೋದು?” ಎಂದು ಅಜ್ಜ ಗದರಿದರು. “ತಾತ, ಷರೀಫರು ಅಶ್ವತ್ಥರ ಹಾಗೆ ಹಾಡ್ತಿದ್ರಾ?” ಎಂದು ಅವಳು ಕೇಳಿದಳು.

ಹುಡುಗಿಯ ಪ್ರಶ್ನೆ ಸರಿಯಾದದ್ದೇ. ಕ್ಯಾಸೆಟ್ಟಿನ ವಾದ್ಯಮೇಳವೂ ಒಂದು ಕಾಲಕ್ಕೆ ಹೊಸತಾಗಿತ್ತು. ಅದಕ್ಕೂ ಮುಂಚೆ ಆ ಪದಗಳು ಬದುಕಿದ್ದು ಏಕತಾರಿ, ತಾಳ, ದಮ್ಮಡಿಗಳ ಭಜನಾ ಮೇಳಗಳಲ್ಲಿ, ಬಾಯಿಂದ ಬಾಯಿಗೆ. ಅಲ್ಲಿ ಯಾರು ಹಾಡಿದರೆಂದು ಯಾರೂ ಬರೆದಿಡಲಿಲ್ಲ. ಮನೆಯಲ್ಲಿ ಪುಸ್ತಕದ ಕನ್ನಡ ಕಳೆದುಕೊಂಡ ಮಕ್ಕಳಿಗೆ ಷರೀಫರು ಮತ್ತೆ ಬಾಯಿಪಾಠವಾಗಿಯೇ ದಕ್ಕಿದ್ದಾರೆ ಎಂಬುದನ್ನು ನೋಡಿದರೆ, ಓದುಬರಹ ಬಾರದ ಹಳ್ಳಿಗರಿಗೂ ದ್ವಾರಕಾದ ಈ ಹುಡುಗಿಗೂ ನಡುವೆ ನಾವು ಊಹಿಸದ ನಂಟೊಂದಿದೆ. ಇದಕ್ಕೆ ಸಂತೋಷಪಡಬೇಕೋ, ಲಿಪಿಯನ್ನು ಕಲಿಸಲಾರದೆ ಹೋದ ನಮ್ಮ ಪೀಳಿಗೆಯ ಬಗ್ಗೆ ನಾಚಬೇಕೋ, ಎರಡೂ ಮಾಡಬಹುದು.

ಮುಂದಿನದು ಬಹುಜನರಿಗೆ ತಿಳಿದದ್ದೇ. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡರ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. ಅದರ ಬೆನ್ನಿಗೆ ಎರಡು ವರ್ಷ ಹಳೆಯ ಆ ಆಲ್ಬಂ ಬ್ರಿಟನ್ನಿನಲ್ಲಿ ಹೊಸದೆಂಬಂತೆ ಮಾರಾಟವಾಯಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಹತ್ತು ವರ್ಷಕ್ಕೂ ಮಿಕ್ಕಿ ಹಾಡುತ್ತ ಬಂದವರನ್ನು ‘ಹೊಸಬ’ ಎಂದು ಕರೆದದ್ದು ಸ್ವಲ್ಪ ತಮಾಷೆಯೇ. ಕನ್ನಡ ಚಿತ್ರಗಳೂ ಅಷ್ಟರಲ್ಲಿ ಅವರನ್ನು ಕರೆದುಕೊಂಡಿದ್ದವು; ‘ಸೈಕೋ’ ಬಂದದ್ದು ಆಲ್ಬಂ ಬಂದ 2008ರಲ್ಲೇ.

ಎರಡನೆಯ ಆಲ್ಬಂ ‘ಜಗ್ ಚಂಗಾ’ ಬರಲು 2013ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಹೆಸರಿಗೇನೂ ಕೊರತೆಯಿರಲಿಲ್ಲ, ಕನ್ನಡದಲ್ಲಿ ಹೊಸ ಗೀತೆ ಬರೆದುಕೊಡುವವರೂ ಸಾಕಷ್ಟಿದ್ದರು. ಅದರಲ್ಲಿಯೂ ಒಂದು ಷರೀಫರ ಪದವಿದೆ. ಈ ಬಾರಿ ಲೋಕದ ಕಾಳಜಿ ಮಾಡುತ್ತೇನೆಂದು ಹೊರಟವನನ್ನು ಗೇಲಿ ಮಾಡುವ ಪದ.